ಒಂದು ಸುತ್ತು ಹೆಚ್ಚು

ನನ್ನ ಕೈಗೆ ಬಗ್ಗದ ಸ್ಕ್ರೂ ಇನ್ನೂ ಹುಟ್ಟಿಲ್ಲ ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ತಿರುಗಿದವನು ನಾನು. ನೀರೆತ್ತುವ ಪಂಪು ರಿಪೇರಿ ಮಾಡುವುದು ನನ್ನ ಕಸುಬು. ಬಾವಿಯ ಪಂಪು, ಕಾರ್ಖಾನೆಯ ಪಂಪು, ಮಹಡಿಯ ಟ್ಯಾಂಕಿಗೆ ನೀರು ನೂಕುವ ಪುಟ್ಟ ಪಂಪು, ಯಾವುದನ್ನೇ ತನ್ನಿ, ಸಂಜೆಯೊಳಗೆ ಓಡಿಸಿ ಕೊಡುತ್ತೇನೆ. ಯಾರಾದರೂ ‘ಇದು ನಿನ್ನಿಂದ ಆಗಲ್ಲ’ ಎಂದರೆ ಮೈಯೆಲ್ಲ ಉರಿಯುತ್ತದೆ. ಹಾಗಿರುವಾಗ ನನ್ನ ತಂಗಿ ಬಂದು, "ಅಣ್ಣ, ಈ ಸಲ ಬಂದೂಕು ರಿಪೇರಿ ಮಾಡೋರ ಹತ್ರಾನೇ ಹೋಗೋಣ," ಎಂದಾಗ ನನಗಾದ ಅವಮಾನ ಅಷ್ಟಿಷ್ಟಲ್ಲ.

ತಂಗಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ವಾರದಲ್ಲಿ ಆರು ದಿನ ಯಾರ್ಯಾರದೋ ದವಡೆಯ ಅಚ್ಚು ಮುಂದಿಟ್ಟುಕೊಂಡು ಹಲ್ಲು ಕೂರಿಸುತ್ತಾಳೆ, ಏಳನೆಯ ದಿನ ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತಾಳೆ. ಜಿರಲೆ ಕಂಡರೆ ಮಂಚ ಹತ್ತುವವಳು ಇನ್ನೂರು ಮೀಟರು ದೂರದ ಕಾಗದದ ನಟ್ಟನಡುವೆ ಗುಂಡು ಕೂರಿಸುತ್ತಾಳೆ ಎಂದರೆ, ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ. ನಾಲ್ಕು ವರ್ಷ ಕ್ಲಬ್ಬಿನಲ್ಲಿ ಅವಳದೇ ಮೊದಲ ಸ್ಥಾನ. ಅವಳು ತನ್ನ ರೈಫಲ್ಲನ್ನು ಒರೆಸುವುದನ್ನು ನೋಡಿ ನನ್ನ ಹೆಂಡತಿ, "ನಾದಿನಿಗೆ ಗಂಡು ಹುಡುಕೋದು ಬೇಡ, ಆಗ್ಲೇ ಮದುವೆ ಆಗಿದೆ," ಎಂದು ರೇಗಿಸುತ್ತಿದ್ದಳು. ಆ ರೈಫಲ್ಲನ್ನೇ ಈಗ ಮಾರಿ ಗುರಿ ಹೊಡೆಯುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು.

ಯಾಕೆ ಎಂದು ಹೇಳುವ ಮೊದಲು ನಾನು ಮಾಡಿದ ಘನಕಾರ್ಯ ಹೇಳಬೇಕು. ಮೂರು ತಿಂಗಳ ಹಿಂದೆ ಅವಳು ಹೊಸ ಸ್ಕೋಪ್ ತಂದಳು. ಬಂದೂಕಿನ ಬೆನ್ನ ಮೇಲೆ ಕೂರುವ ದುರ್ಬೀನು ಅದು. ಅದನ್ನು ಕೂರಿಸಲು ಒಂದು ಉಕ್ಕಿನ ಪಟ್ಟಿ, ಪಟ್ಟಿಗೆ ನಾಲ್ಕು ಸಣ್ಣ ಸ್ಕ್ರೂ. ಎಷ್ಟು ಬಿಗಿ ಮಾಡಬೇಕೋ ಅಷ್ಟಕ್ಕೆ ತಾನೇ ಟಕ್ಕೆಂದು ನಿಲ್ಲುವ ಒಂದು ಆಟಿಕೆಯಂಥ ಸ್ಪ್ಯಾನರನ್ನೂ ಕಂಪನಿಯವರು ಜೊತೆಗೆ ಕೊಟ್ಟಿದ್ದರು. ನನಗೆ ನಗು ಬಂತು. ನನ್ನ ಕೈಗೆ ಬಿಗಿ ಎಂದರೇನು ಎಂದು ಒಂದು ಸ್ಪ್ಯಾನರ್ ಹೇಳಿಕೊಡಬೇಕೇ? ನಳಿಗೆಯ ಕಡೆಯ ಮುಂದಿನ ಸ್ಕ್ರೂಗೆ ಪಂಪಿನ ಲೆಕ್ಕದಲ್ಲಿ ಒಂದು ಸುತ್ತು ಹೆಚ್ಚು ಕೊಟ್ಟೆ. ಕರಕ್ ಎಂದು ತೂತಿನೊಳಗೆ ಸ್ಕ್ರೂ ಹಿಡಿಯುವ ಥ್ರೆಡ್ ಹರಿದುಹೋಯಿತು.

ತಂಗಿ ಆಗ ಲ್ಯಾಬಿಗೆ ಹೋಗಿದ್ದಳು. ಅವಳು ಬರುವುದರೊಳಗೆ ಸರಿ ಮಾಡಿಬಿಡೋಣ ಎಂದುಕೊಂಡೆ. ಪಂಪಿನಲ್ಲಿ ಥ್ರೆಡ್ ಹೋದರೆ ನಾವು ಮಾಡುವುದು ಒಂದೇ: ತೂತನ್ನು ಇನ್ನಷ್ಟು ಆಳ ಕೊರೆದು, ಟ್ಯಾಪ್ ಅನ್ನುವ ಹಲ್ಲಿನ ಕಡ್ಡಿ ತಿರುವಿ ಹೊಸ ಥ್ರೆಡ್ ಎಬ್ಬಿಸಿ, ದಪ್ಪನೆಯ ಉದ್ದ ಸ್ಕ್ರೂ ಜಡಿಯುವುದು. ಹಾಗೇ ಮಾಡಿದೆ. ಕೊರೆಯುವಾಗ ಡ್ರಿಲ್ಲು ಒಮ್ಮೆಗೇ ಒಳಕ್ಕೆ ಜಾರಿತು. ಆಚೆ ಬದಿಗೆ, ನಳಿಗೆಯ ಒಳಕ್ಕೇ, ತೂತು ಬಿದ್ದಿತ್ತು. ಸ್ಕ್ರೂ ಹಾಕಿದರೆ ಅದರ ತುದಿ ಒಳಗೆ ಚಾಚಿ ಕಾಡತೂಸಿಗೆ ಅಡ್ಡ ಬಂದು, ಅದನ್ನು ಮುಂದಕ್ಕೆ ದೂಡುವ ಬೋಲ್ಟು ಮುಚ್ಚಲೊಲ್ಲದು. ತುದಿಯನ್ನು ಸಾಣೆ ಹಿಡಿದು ಗಿಡ್ಡ ಮಾಡಿದೆ. ಈಗ ಬೋಲ್ಟು ಸಲೀಸಾಗಿ ಮುಚ್ಚಿತು. ಪಂಪಿನ ಮೈಯಲ್ಲಿ ತೂತು ಆಚೆ ಹೋದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಸ್ಕ್ರೂಗೆ ನೀಲಿ ಸೀಲರ್ ಬಳಿದು ಬಿಗಿ ಮಾಡಿದರೆ ಒಂದು ತೊಟ್ಟು ನೀರು ಸೋರುವುದಿಲ್ಲ. ಇಲ್ಲೂ ಬಳಿದೆ, ಬಿಗಿ ಮಾಡಿದೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಥ್ರೆಡ್ ಹೋಗಿತ್ತು, ಹೊಸದು ಹಾಕಿದ್ದೇನೆ ಎಂದಷ್ಟೇ ತಂಗಿಗೆ ಹೇಳಿದೆ. ತೂತು ಆಚೆ ಹೋದದ್ದನ್ನು ಹೇಳಲಿಲ್ಲ.

ಅಲ್ಲಿಂದಾಚೆಗೆ ಅವಳ ಗುರಿ ಕೆಟ್ಟಿತು. ಮೊದಲೆರಡು ವಾರ ಏನೂ ಇರಲಿಲ್ಲ. ಆಮೇಲೆ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳತೊಡಗಿದಳು. ಗುಂಡು ಕಾಗದದ ಮೂಲೆಗೆ ಹೋಗಿ ಬೀಳುತ್ತಿತ್ತು. "ಹುಬ್ಬಿನ ಹತ್ರ ಏನೋ ಚುಚ್ಚಿದ ಹಾಗಾಗುತ್ತೆ ಅಣ್ಣ," ಎಂದು ಒಂದು ದಿನ ಹೇಳಿದಳು. ಒಂದು ಕ್ಷಣ, ಒಂದೇ ಕ್ಷಣ, ನನಗೆ ಆ ತೂತು ನೆನಪಾಯಿತು. ಮರುಕ್ಷಣ ‘ಸೀಲರ್ ಹಾಕಿದ್ದೀನಲ್ಲ’ ಎಂದುಕೊಂಡೆ. "ಚುಚ್ಚುತ್ತಿರೋದು ಹುಬ್ಬಿಗಲ್ಲ, ತಲೆಯೊಳಗೆ," ಎಂದು ನಕ್ಕುಬಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಅವಳಿಗೆ ‘ಕಣ್ಣಾಮುಚ್ಚಾಲೆ’ ಎಂದು ಹೆಸರಿಟ್ಟೆ. ಹೆಸರು ಚೆನ್ನಾಗಿ ಅಂಟಿಕೊಂಡಿತು. ಕೋಚ್ ಕೂಡ ಒಮ್ಮೆ ಹಾಗೇ ಕರೆದು, ಆಮೇಲೆ ನಾಲಿಗೆ ಕಚ್ಚಿಕೊಂಡರು. ಹೋದ ತಿಂಗಳು ತಂಡದ ಪಟ್ಟಿಯಿಂದ ಅವಳ ಹೆಸರು ಹೋಯಿತು. "ನಂಗೆ ಭಯ ಹಿಡಿದಿದೆ. ಇನ್ನು ಸಾಕು," ಎಂದು ಊಟದ ತಟ್ಟೆ ನೋಡುತ್ತಾ ಹೇಳಿದಳು. ಕಾಲೇಜು ಮುಗಿಸಿದ ಮಗಳಿಗಾಗಿ ರೈಫಲ್ ಹುಡುಕುತ್ತಿದ್ದ ಒಬ್ಬರು ಕೊಳ್ಳಲು ಒಪ್ಪಿದರು. ಅಷ್ಟರಲ್ಲಿ ನನ್ನ ಸ್ಕ್ರೂ ಮತ್ತೆ ಸಡಿಲವಾಗಿ ಸ್ಕೋಪ್ ಅಲ್ಲಾಡತೊಡಗಿತ್ತು. ಅಲ್ಲಾಡುವ ವಸ್ತುವನ್ನು ಮಾರುವುದು ಹೇಗೆ? ಅದಕ್ಕೇ ತಂಗಿ ಬಂದೂಕಿನ ಕಸುಬಿನವರ ಹತ್ತಿರ ಹೋಗೋಣ ಎಂದದ್ದು.

ಹುಡುಕುವುದೇನು ಸುಲಭವಾಗಿರಲಿಲ್ಲ. ಆಟದ ಸಾಮಾನಿನ ಅಂಗಡಿಯವನು, "ನಾವು ಮಾರ್ತೀವಿ ಅಷ್ಟೇ, ಬಿಚ್ಚಲ್ಲ," ಎಂದ. ಬಂದೂಕಿನ ಅಂಗಡಿಯವನು ಕಂಪನಿಗೆ ಕಳಿಸಿ, ನಾಲ್ಕು ತಿಂಗಳು ಕಾಯಿರಿ ಎಂದು ಆಕಳಿಸಿದ. ಲೇಥ್ ಇಟ್ಟುಕೊಂಡ ನನ್ನ ಹಳೆಯ ಗೆಳೆಯ ಪೆಟ್ಟಿಗೆಯ ಆಕಾರ ನೋಡಿದ್ದೇ, "ಇದನ್ನ ಒಳಗೆ ತರಬೇಡ ಪುಣ್ಯಾತ್ಮ," ಎಂದು ಅರ್ಧ ಷಟರ್ ಎಳೆದ. ಕೊನೆಗೆ ಕ್ಲಬ್ಬಿನ ಉಗ್ರಾಣದವನು ದಾರಿ ಹೇಳಿದ: ಹೊಲಿಗೆ ಯಂತ್ರ ಮಾರುವ ಬೀದಿ, ಗುಂಡಿ ಮಾರುವ ಅಂಗಡಿಯ ಪಕ್ಕ, ಎಂಟು ಮೆಟ್ಟಿಲು ಕೆಳಗೆ. ಬೋರ್ಡು ಇಲ್ಲ. ಬೋರ್ಡು ಹಾಕಿದರೆ ಬೇಡದವರೆಲ್ಲ ಬರುತ್ತಾರಂತೆ.

ಮೆಟ್ಟಿಲಿಳಿದರೆ ಮೊದಲು ಸಿಕ್ಕಿದ್ದು ಆ ಬಂದೂಕಿನವರ ಸೊಸೆ. ತಂಗಿಯ ಲೈಸೆನ್ಸನ್ನು ಎರಡು ಸಲ ಓದಿ, ರೈಫಲ್ಲಿನ ಮೈಮೇಲಿನ ನಂಬರನ್ನು ದಪ್ಪ ಪುಸ್ತಕದಲ್ಲಿ ಬರೆದುಕೊಂಡು, "ಮಾವ, ಬಂದಿದ್ದಾರೆ!" ಎಂದು ಗೋಡೆ ನಡುಗುವಂತೆ ಕೂಗಿದಳು. ಒಳಗೆ ಗಿಡ್ಡನೆಯ ಮುದುಕ. ಹಣೆಯ ಮೇಲೆ ಭೂತಗನ್ನಡಿ, ಕಿವಿಯಲ್ಲಿ ಹತ್ತಿ. ಮೇಜಿನ ಮೇಲೆ ಮಡಿಕೆ ಬೀಳದಂತೆ ಹಾಸಿದ ಬಿಳಿ ಬಟ್ಟೆ. ಗೋಡೆಗೆ ಸಾಲಾಗಿ ಅರವತ್ತೋ ಎಪ್ಪತ್ತೋ ಸ್ಕ್ರೂಡ್ರೈವರ್, ಒಂದರ ತುದಿ ಇನ್ನೊಂದರಂತಿಲ್ಲ. ನಾನು ಇಪ್ಪತ್ತಾರು ವರ್ಷ ನಾಲ್ಕರಲ್ಲಿ ಬದುಕಿದವನು. ಈ ಮನುಷ್ಯನಿಗೆ ಕೆಲಸಕ್ಕಿಂತ ಶೋಕಿ ಜಾಸ್ತಿ ಎಂದುಕೊಂಡೆ.

"ಏನಾಗಿದೆ?" ಎಂದರು ಮುದುಕ.

"ಏನಿಲ್ಲ, ಮುಂದಿನ ಸ್ಕ್ರೂ ಹಿಡೀತಾ ಇಲ್ಲ. ಥ್ರೆಡ್ ಹೋಗಿದೆ. ಒಂದು ಸೈಜು ದೊಡ್ಡ ಟ್ಯಾಪ್ ಹಾಕಿದ್ರೆ ಆಯ್ತು, ಅರ್ಧ ಗಂಟೆ ಕೆಲಸ," ಎಂದೆ ನಾನು.

"ಅರ್ಧ ಗಂಟೆ ಅಂತ ಗೊತ್ತಿದ್ರೆ ನನ್ನ ಹತ್ರ ಯಾಕೆ ಬಂದ್ರಿ?"

ತಂಗಿ ನಗು ತಡೆದುಕೊಳ್ಳಲು ಗೋಡೆ ಕಡೆ ತಿರುಗಿದಳು. ಮುದುಕ ಸ್ಕೋಪನ್ನೂ ಪಟ್ಟಿಯನ್ನೂ ತೆಗೆದು, ಮುಂದಿನ ಸ್ಕ್ರೂವನ್ನು ಮಾತ್ರ ಮತ್ತೆ ಅದರ ತೂತಿಗೇ ತಿರುಗಿಸಿಟ್ಟು, ಭೂತಗನ್ನಡಿ ಇಳಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದು ಕಂಪನಿ ಸ್ಕ್ರೂ ಅಲ್ಲ. ಯಾರದೋ ಕೈ ಬಿದ್ದಿದೆ. ಯಾರದು?"

"ಯಾರೋ ಒಬ್ಬ ಪಂಪು ರಿಪೇರಿಯವನು," ಎಂದುಬಿಟ್ಟೆ. ಯಾಕೆ ಹಾಗೆಂದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಆ ಎಪ್ಪತ್ತು ಸ್ಕ್ರೂಡ್ರೈವರುಗಳ ಎದುರು ‘ನಾನೇ’ ಎನ್ನಲು ಬಾಯಿ ಬರಲಿಲ್ಲ. ತಂಗಿ ಥಟ್ಟನೆ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಗೋಡೆ ಕಡೆ ತಿರುಗಿದಳು. ಅಣ್ಣನ ಮಾನ ಉಳಿಸುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

"ಬೇರೆಯವರ ಕೈ ಬಿದ್ದಿದ್ರೆ ಮೊದ್ಲು ಒಳಗಿನ ಅಚ್ಚು ತೆಗೀತೀನಿ. ಆಮೇಲೆ ಸ್ಕ್ರೂ ಮಾತು," ಎಂದರು ಮುದುಕ.

"ಹೊರಗಿನ ಸ್ಕ್ರೂಗೆ ಒಳಗಿನ ಅಚ್ಚು ಯಾಕೆ?" ಎಂದು ನಾನು ವಾದಕ್ಕಿಳಿದೆ. ಅವರು ಕಿವಿಯ ಹತ್ತಿಯನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡು ಒಲೆ ಹಚ್ಚಿದರು.

ಬೇಗ ಕರಗುವ ಒಂದು ಲೋಹವನ್ನು ಪುಟ್ಟ ಸೌಟಿನಲ್ಲಿ ಕರಗಿಸಿ, ನಳಿಗೆಗೆ ಬಟ್ಟೆಯ ಬಿರಡೆ ತುರುಕಿ, ಕಾಡತೂಸು ಕೂರುವ ಗೂಡಿಗೆ ಹಿಂದಿನಿಂದ ಸುರಿದರು. ತಂಗಿಗೆ ಜೀವ ಬಂದಂತಾಯಿತು. ನಾವೂ ಹೀಗೇ ಅಚ್ಚು ತೆಗೆಯುತ್ತೇವೆ, ಆರುವ ಮುಂಚೆ ಎಳೆದರೆ ಅಂಚು ಕೆಡುತ್ತದೆ, ಅಲ್ಲವೇ ಎಂದು ಕೇಳಿದಳು. ಮುದುಕ, ಕಾಯಲು ಗೊತ್ತಿದ್ದವರಿಗೆ ಮಾತ್ರ ಅಚ್ಚು ಬರುತ್ತದೆ ಎಂದರು. ಇಬ್ಬರೂ ಹಲ್ಲು, ಅಚ್ಚು, ಲೋಹ ಎಂದು ಮಾತಿಗೆ ಕೂತರು. ನಾನು ಗಡಿಯಾರ ನೋಡುತ್ತಾ ನಿಂತೆ. ಮೂರು ತಿಂಗಳಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಕೋಲಿನಿಂದ ನೂಕಿದಾಗ ಅಚ್ಚು ಹೊರಗೆ ಬಂತು. ಕಿರುಬೆರಳಿನಷ್ಟು, ಫಳಫಳ ಹೊಳೆಯುವ ತುಂಡು. ಮುದುಕ ಅದನ್ನು ತಂಗಿಯ ಅಂಗೈಗೆ ಹಾಕಿದರು. ಅವಳು ದೀಪದ ಕೆಳಗೆ ಹಿಡಿದು, ದಿನಾ ಮಾಡುವಂತೆ ಹೆಬ್ಬೆರಳಿನಿಂದ ಸುತ್ತ ಸವರಿದಳು. ಬೆರಳು ಒಂದು ಕಡೆ ನಿಂತಿತು.

"ಇಲ್ಲೊಂದು ಗಂಟಿದೆ," ಎಂದಳು.

"ಇರಬಾರದು."

"ಇದೆ. ಎಳ್ಳುಕಾಳಿನಷ್ಟು. ಅಚ್ಚಿನ ತಪ್ಪಲ್ಲ ಇದು. ಗೂಡಿನ ಗೋಡೆಯಲ್ಲೇ ಗುಳಿ ಇರಬೇಕು."

ಮುದುಕ ಅವಳ ಕೈಯಿಂದ ತುಂಡನ್ನು ತೆಗೆದುಕೊಂಡು ಭೂತಗನ್ನಡಿಯಲ್ಲಿ ನೋಡಿದರು. ನೋಡುತ್ತಾ ನೋಡುತ್ತಾ ಹಿಂದೆ ಸ್ಟೂಲು ಇದೆಯೋ ಇಲ್ಲವೋ ಎಂದೂ ನೋಡದೆ ಕುಳಿತರು.

"ಅಮ್ಮ, ಈ ಸ್ಕ್ರೂ ಹಾಕಿದ ಮೇಲೆ ಎಷ್ಟು ಗುಂಡು ಹೊಡೆದಿದ್ದೀಯ?"

"ನೂರಾ ಹನ್ನೆರಡು." ಅವಳು ಪ್ರತಿ ಗುಂಡನ್ನೂ ಡೈರಿಯಲ್ಲಿ ಬರೆದಿಡುವವಳು.

ಆಚೆ ಕೋಣೆಯಿಂದ ಸೊಸೆ ಪೆನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಮುದುಕ ಎದ್ದು ನನ್ನ ಸ್ಕ್ರೂವನ್ನು ಬಿಚ್ಚಿದರು. ಆ ತೂತಿನ ಮೇಲೆ ಪೆನ್ನಿನಷ್ಟು ಸಣ್ಣ ಟಾರ್ಚು ಹಿಡಿದು, "ಹಿಂದಿನಿಂದ ಬಗ್ಗಿ ನೋಡಿ," ಎಂದು ನನ್ನನ್ನು ಕರೆದರು. ಬಗ್ಗಿದೆ. ಕತ್ತಲೆ ಇರಬೇಕಾದ ಉಕ್ಕಿನ ಗೋಡೆಯಲ್ಲಿ ಒಂದು ಮಣಿಯಷ್ಟು ಬೆಳಕು. ಆ ತೂತನ್ನು ಕೊರೆದವನು ನಾನು, ಅದು ಆಚೆ ಹೋಗಿದೆ ಎಂದು ಗೊತ್ತಿದ್ದವನು ನಾನು. ಆದರೂ ಮತ್ತೊಮ್ಮೆ ಬಗ್ಗಿ ನೋಡಿದೆ.

"ಸೀಲರ್ ಹಾಕಿದ್ದೆ... ಹಾಕಿದ್ದನಂತೆ ಅವನು," ಎಂದು ತೊದಲಿದೆ. "ಒಂದು ತೊಟ್ಟೂ ಸೋರಲ್ಲ."

"ನೀರಾ?" ಮುದುಕನ ದನಿ ಏರಿತು. "ಪಂಪಿನಲ್ಲಿ ಇರೋ ಒತ್ತಡ ಎಷ್ಟು? ಅದರ ಸಾವಿರ ಪಟ್ಟು ಇಲ್ಲಿ ಏಳುತ್ತೆ, ಕಣ್ಣು ಮಿಟುಕಿಸೋದ್ರೊಳಗೆ. ಅದನ್ನ ತಡೆಯೋದು ಈ ಗೋಡೆ. ಆ ಮಹಾನುಭಾವ ಗೋಡೆಗೇ ತೂತು ಹಾಕಿ, ಅದಕ್ಕೆ ಅಂಟು ಮೆತ್ತಿದ್ದಾನೆ! ಮೇಲಿನ ಪಟ್ಟಿ ಇದ್ದಿದ್ದಕ್ಕೆ ಇಷ್ಟು ದಿನ ಸ್ಕ್ರೂ ಹಾರಿಲ್ಲ. ಈಗ ಅದೂ ಸಡಿಲ ಆಗಿತ್ತು. ಇನ್ನೊಂದು ಗುಂಡೋ, ಇನ್ನು ಹತ್ತೋ, ನಂಗೊತ್ತಿಲ್ಲ." ಅವರ ಕೈ ರೈಫಲ್ಲಿನ ಮೇಲಿಂದ ಎದ್ದು ತಂಗಿಯ ಹಣೆಯ ಕಡೆಗೆ ಹೋಗಿ ನಡುವೆಯೇ ನಿಂತಿತು. "ಅಮ್ಮ, ಕನ್ನಡಕ ತೆಗಿ."

ತೆಗೆದಳು. ಬಲ ಹುಬ್ಬಿನಲ್ಲಿ, ಕನ್ನಡಕದ ಅಂಚು ಮುಗಿಯುವ ಕಡೆ, ಐದಾರು ಕಪ್ಪು ಚುಕ್ಕೆಗಳು. ಮೊಡವೆಯ ಕಲೆ ಎಂದು ಅವಳು ವಾರಗಟ್ಟಲೆ ಮುಲಾಮು ಹಚ್ಚಿದ್ದಳು. ಮುದುಕ ಭೂತಗನ್ನಡಿ ಹಿಡಿದು ನೋಡಿ ಉಸಿರು ಬಿಟ್ಟರು. "ಇದು ಸುಟ್ಟ ಸಿಡಿಮದ್ದು. ಚರ್ಮದೊಳಗೆ ಕೂತಿದೆ. ಹೊಡೆದಾಗ ಚುಚ್ಚುತ್ತಿರಲಿಲ್ವಾ?"

"ಚುಚ್ಚುತ್ತಿತ್ತು. ಸೂಜಿ ಚುಚ್ಚಿದ ಹಾಗೆ. ಎಲ್ಲಾ ಸಲ ಅಲ್ಲ, ನಾಲ್ಕಕ್ಕೋ ಐದಕ್ಕೋ ಒಂದ್ಸಲ. ಅದು ಭ್ರಮೆ ಅಂದ್ರು," ಎಂದಳು. ಯಾರು ಅಂದರು ಎಂದು ಹೇಳಲಿಲ್ಲ.

ಹೇಳಿ ಮುಗಿಸಿದವಳು ಇದ್ದಕ್ಕಿದ್ದಂತೆ ನಗತೊಡಗಿದಳು. ಸಾವಿನ ಬಾಯಿಗೆ ನೂರಾ ಹನ್ನೆರಡು ಸಲ ಮುಖ ಕೊಟ್ಟು ಬಂದವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಅಣ್ಣ, ನಂಗೆ ಹೆದರಿಕೆ ಆಗಿದ್ದು ಸುಮ್ಮಸುಮ್ಮನೆ ಅಲ್ಲ! ನಿಜವಾಗ್ಲೂ ಚುಚ್ಚುತ್ತಿತ್ತು! ನಾನು ಸರಿಯಾಗೇ ಇದ್ದೆ!" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಸಂತೋಷ ನೋಡಲು ಆಗಲಿಲ್ಲ. ತಾನು ಹೇಡಿಯಲ್ಲ ಎಂಬುದೇ ಅವಳಿಗೆ ಜೀವಕ್ಕಿಂತ ದೊಡ್ಡದಾಗುವಷ್ಟು ನಾನು ಅವಳನ್ನು ಅಣಕಿಸಿದ್ದೆ.

"ಕೊಳ್ಳೋರಿಗೆ ಫೋನ್ ಮಾಡು, ಮಾರಲ್ಲ ಅಂತ ಹೇಳು," ಎಂದಳು.

ಮಾಡಿದೆ. ಆ ಮನುಷ್ಯ ಬೇಸರ ಪಟ್ಟುಕೊಂಡರು. "ಅಯ್ಯೋ, ಯಾಕೆ ಸ್ವಾಮಿ? ಭಾನುವಾರ ನಿಮ್ಮ ತಂಗಿ ನನ್ನ ಮಗಳ ಕೈಗೂ ಕೊಟ್ಟು ಎರಡು ಗುಂಡು ಹೊಡೆಸಿದ್ರು. ಅವತ್ತಿಂದ ಅದೇ ಬೇಕು ಅಂತ ಕುಣೀತಿದ್ದಾಳೆ."

ಫೋನಿನ ದನಿ ಕೋಣೆಗೆಲ್ಲ ಕೇಳಿಸಿತು. ತಂಗಿಯ ನಗು ಅಲ್ಲೇ ನಿಂತಿತು. ಆ ಎರಡು ಅವಳ ಡೈರಿಯಲ್ಲಿ ಇರಲಿಲ್ಲ. "ನಾನೇ ಕೊಟ್ಟೆ. ಕೆನ್ನೆ ಇನ್ನೂ ಹತ್ತಿರ ತಗೋ ಅಂತ ನಾನೇ ಹೇಳಿಕೊಟ್ಟೆ," ಎಂದು ಮೆಲ್ಲಗೆ ಹೇಳಿದಳು. ನಾನು ಫೋನಿನಲ್ಲಿ, "ಸ್ವಲ್ಪ ತೊಂದರೆ ಇದೆ, ಆಮೇಲೆ ಮಾತಾಡ್ತೀನಿ," ಎಂದು ಕತ್ತರಿಸಿದೆ. ಆಗಲೂ ನಿಜ ಹೇಳಲಿಲ್ಲ. ಫೋನನ್ನು ಜೇಬಿಗೆ ತುರುಕಿ ಗೋಡೆಗೆ ಒರಗಿದೆ. ನೋಡಿಲ್ಲದ ಯಾರದೋ ಮನೆಯ ಹುಡುಗಿ, ಅವಳ ಕೆನ್ನೆ, ನನ್ನ ತೂತು.

ಈ ರೈಫಲ್ಲನ್ನು ರಿಪೇರಿ ಮಾಡುವುದಿಲ್ಲ, ಕಾಗದಪತ್ರ ಮುಗಿಸಿ ಗರಗಸ ಹಾಕಿ ತುಂಡು ಮಾಡುತ್ತೇನೆ, ಇದು ಇನ್ನು ಯಾರ ಕೈಗೂ ಹೋಗಬಾರದು ಎಂದರು ಮುದುಕ. ತಂಗಿ ಒಪ್ಪಿದಳು. ಅವಳಿಗೆ ಅಳು ಬರುತ್ತದೇನೋ ಎಂದುಕೊಂಡೆ. ಇಲ್ಲ. "ಹೋಗ್ಲಿ ಬಿಡಿ, ಬೇರೆ ತಗೋತೀನಿ. ನಾನು ಚೆನ್ನಾಗಿದ್ದೀನಲ್ಲ," ಎಂದಳು. ನನಗೂ ಹೋದ ಉಸಿರು ಬಂದಂತಾಯಿತು. ಉಕ್ಕು ತಾನೇ, ಹೊಸದು ಬರುತ್ತದೆ. ನನ್ನ ತಪ್ಪು ಈ ರೈಫಲ್ಲಿನ ಜೊತೆಗೇ ತುಂಡಾಗಿ ಹೋಗುತ್ತದೆ ಎಂದು ಆಸೆಪಟ್ಟೆ.

"ಚೆನ್ನಾಗಿದ್ದೀಯೋ ಇಲ್ವೋ ನೋಡೋಣ ಬಾ," ಎಂದರು ಮುದುಕ.

ಹಿಂದೆ ಉದ್ದನೆಯ ಕೋಣೆ. ಕೊನೆಯಲ್ಲಿ ಮರಳು ತುಂಬಿದ ದಪ್ಪ ಕೊಳವೆ. ರಿಪೇರಿಯಾದ ಬಂದೂಕನ್ನು ಅವರು ಪರೀಕ್ಷೆ ಮಾಡುವ ಜಾಗ ಅದು. ತಮ್ಮದೇ ಒಂದು ಸಣ್ಣ ರೈಫಲ್ ತಂದು, ಮೇಜಿನ ಮೇಲೆ ಒರಗಿಸಿ, ತಂಗಿಯನ್ನು ಕೂರಿಸಿದರು. ಕಿವಿಗೆ, ಕಣ್ಣಿಗೆ ಎಲ್ಲರಿಗೂ ರಕ್ಷಣೆ ಕೊಟ್ಟರು. ತಾವೇ ಒಂದೊಂದೇ ಕಾಡತೂಸು ತುಂಬಿದರು. ಮೊದಲನೆಯದು ಹಾರಿತು, ಸದ್ದು ಕೆಮ್ಮಿನಷ್ಟು. ಎರಡನೆಯದೂ ಹಾರಿತು. ತಂಗಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಮೂರನೆಯದಕ್ಕೆ ಮುದುಕ ತುಂಬಿದ್ದು ಮದ್ದಿಲ್ಲದ ಖಾಲಿ ಕಾಡತೂಸು. ಅವಳಿಗೆ ಹೇಳಲಿಲ್ಲ.

ಅವಳು ಟ್ರಿಗರ್ ಒತ್ತಿದಳು. ಟಿಕ್ ಎಂದಿತು, ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ನಳಿಗೆಯ ಮೂತಿ ಗೇಣುದ್ದ ಕೆಳಗೆ ಕುಸಿಯಿತು. ಭುಜ ಮುಂದಕ್ಕೆ ನುಗ್ಗಿತು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಹಲ್ಲು ಕಚ್ಚಿತ್ತು. ಏಟೇ ಇಲ್ಲದ ಕಡೆ ಅವಳ ಮೈ ಪೂರ್ತಿ ಏಟು ತಿಂದಿತ್ತು. ನಾನು ಕ್ಲಬ್ಬಿನಲ್ಲಿ ಗಾಜಿನ ಹಿಂದೆ ನಿಂತು ನಕ್ಕದ್ದು ಇದಕ್ಕೇ. ಹತ್ತಿರದಿಂದ ಅದು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅವಳು ಕೆನ್ನೆ ಎತ್ತಲಿಲ್ಲ. "ಖಾಲಿ ಇತ್ತಾ?" ಎಂದಳು.

"ಹೂಂ."

"ಹಾಗಾದ್ರೆ ಭಯ ಹೋಗಿಲ್ಲ."

"ಅಷ್ಟು ಬೇಗ ಹೋಗಲ್ಲಮ್ಮ. ಬಂದೂಕು ಬದಲಾಯಿಸಬಹುದು. ಇದು ನನ್ನ ಕೈಯಲ್ಲಿಲ್ಲ," ಎಂದರು ಮುದುಕ. "ದಾರಿ ಒಂದೇ. ಒಬ್ಬರು ನಿನ್ನ ಪಕ್ಕ ಕೂತು ತುಂಬಬೇಕು. ಒಂದ್ಸಲ ನಿಜದ್ದು, ಒಂದ್ಸಲ ಖಾಲಿ. ಯಾವುದು ಅಂತ ನಿಂಗೆ ಗೊತ್ತಾಗಬಾರದು. ತುಂಬಿದವರ ಮುಖ ನೋಡಿದ್ರೂ ಗೊತ್ತಾಗಬಾರದು. ಮೂತಿ ಅಲ್ಲಾಡದೆ ನಿಲ್ಲೋವರೆಗೆ. ತಿಂಗಳಾಗುತ್ತೋ, ವರ್ಷ ಆಗುತ್ತೋ."

ನನಗೆ ಇನ್ನು ತಡೆಯಲಾಗಲಿಲ್ಲ. "ಆ ಪಂಪಿನವನು ನಾನೇ," ಎಂದೆ.

"ಗೊತ್ತು ಬಿಡಿ," ಎಂದರು ಮುದುಕ. "ಆ ನೀಲಿ ಅಂಟು ಇವತ್ತೂ ನಿಮ್ಮ ಉಗುರಲ್ಲಿದೆ."

"ಅಣ್ಣನಿಗೆ ಗೊತ್ತಾಗಿಲ್ಲ ಸರ್," ಎಂದು ತಂಗಿ ನನ್ನ ಪರ ವಹಿಸಿದಳು. "ಒಳಗೆ ತೂತು ಬಿದ್ದಿದ್ದು ಹೊರಗಿನಿಂದ ಹೇಗೆ ಕಾಣುತ್ತೆ?"

ಅಲ್ಲಿಗೆ ಸುಮ್ಮನಿರಬಹುದಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು.

"ಗೊತ್ತಿತ್ತು," ಎಂದೆ. "ಕೊರೀವಾಗ್ಲೇ ಗೊತ್ತಾಯ್ತು. ಸ್ಕ್ರೂ ತುದಿ ಒಳಗೆ ಬರ್ತಿತ್ತು, ಸಾಣೆ ಹಿಡಿದೆ. ಸೀಲರ್ ನಿಲ್ಲಿಸುತ್ತೆ ಅಂದ್ಕೊಂಡೆ."

ಅವಳು ನಿಧಾನವಾಗಿ ಎದ್ದು ಕುಳಿತಳು. ಕಿವಿಯ ಮೇಲಿನದನ್ನು ತೆಗೆದಳು, ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ.

"ಹುಬ್ಬಿಗೆ ಚುಚ್ಚುತ್ತೆ ಅಂತ ಬಂದು ಹೇಳಿದ್ನಲ್ಲ, ಅವತ್ತು?"

"ಅವತ್ತೂ ನೆನಪಾಯ್ತು."

"ಕಣ್ಣಾಮುಚ್ಚಾಲೆ ಅಂದ ದಿನ?"

ನಾನು ಉಗುರಿನ ನೀಲಿ ಅಂಟು ಕೆರೆಯುತ್ತಾ ನಿಂತೆ. ಅವಳ ಮುಖದಿಂದ ಬಣ್ಣ ಇಳಿಯುತ್ತಾ ಹೋಯಿತು. ತೂತಿನ ಸುದ್ದಿ ಕೇಳಿ ನಕ್ಕವಳು, ಮಾಡಿದವನಿಗೆ ಅದು ಗೊತ್ತಿತ್ತು ಎಂದು ಕೇಳಿ, ನನ್ನನ್ನು ಎಂದೂ ನೋಡದವಳ ಹಾಗೆ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಕೆನ್ನೆ ಕೊಡುತ್ತಿದ್ದೆ. ಸೊಸೆ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಮುದುಕ ಮಾತ್ರ ಕೆಮ್ಮಿ, ಡಬ್ಬಿಯನ್ನು ಕೈಗೆತ್ತಿಕೊಂಡು, "ನಾನು ತುಂಬಲಾಮ್ಮ?" ಎಂದು ಕೇಳಿದರು.

"ಬೇಡ ಸರ್," ಎಂದಳು ತಂಗಿ. ಮತ್ತೆ ಕಿವಿ ಮುಚ್ಚಿಕೊಂಡು, ಬಗ್ಗಿ, ಕೆನ್ನೆಯನ್ನು ಮರಕ್ಕೆ ಒತ್ತಿದಳು. "ಅಣ್ಣ ತುಂಬಲಿ. ಗೊತ್ತಿದ್ದೂ ಹೇಳದೆ ಇರೋದು ಅವನಿಗೆ ಚೆನ್ನಾಗಿ ಬರುತ್ತೆ."

ನಾನು ಅವಳ ಪಕ್ಕದ ಸ್ಟೂಲಿನಲ್ಲಿ ಕುಳಿತೆ. ಮುದುಕ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, ನಿಜದ್ದು ಯಾವುದು, ಖಾಲಿ ಯಾವುದು ಎಂದು ತೋರಿಸಿ, ನನ್ನ ಹಿಂದೆಯೇ ನಿಂತರು. ಖಾಲಿಯದನ್ನು ತುಂಬಿದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಟಿಕ್ ಎಂದಿತು, ಕಣ್ಣು ಮುಚ್ಚಿತು, ಮೂತಿ ಕುಸಿಯಿತು.

"ಇನ್ನೊಂದು," ಎಂದಳು.